ಮೂರು ಸೆಟ್ಟು, ಐದು ಸೆಟ್ಟು

ಕನ್ನಡ ಪಾಠ ಹೇಳುವವನಿಗೆ ಟೆನಿಸ್ ಆಟದ ಉಸಾಬರಿ ಏಕೆ ಎಂದು ಈ ಪುಟದ ಓದುಗರಲ್ಲಿ ಕೆಲವರಾದರೂ ಕೇಳಿಯಾರು. ಕೇಳುವುದು ಸಹಜವೇ. ನಾನು ಆಟಗಾರನಲ್ಲ, ದೂರದಲ್ಲಿ ಕುಳಿತು ನೋಡಿ ಸಂತೋಷಪಡುವವರ ಗುಂಪಿಗೆ ಸೇರಿದವನು. ಆದರೆ ಆಟವೆಂಬುದು ನಿಯಮಗಳಿಂದ ಕಟ್ಟಿದ ಒಂದು ಸಣ್ಣ ಜಗತ್ತು. ಛಂದಸ್ಸೂ ಹಾಗೆಯೇ, ವ್ಯಾಕರಣವೂ ಹಾಗೆಯೇ. ನಿಯಮಗಳ ನಡುವೆಯೇ ದಿನ ಕಳೆಯುವ ನನ್ನಂಥವನಿಗೆ ಒಂದು ವಿಚಾರ ಆಗಾಗ ಮನಸ್ಸಿಗೆ ಬರುತ್ತದೆ. ಯಾವುದೋ ಕಾಲದಲ್ಲಿ, ಯಾವುದೋ ಕಾರಣಕ್ಕಾಗಿ, ಯಾರೋ ನಾಲ್ವರು ಕುಳಿತು ಒಂದು ಕಟ್ಟಳೆ ಮಾಡುತ್ತಾರೆ. ತಲೆಮಾರುಗಳು ಕಳೆದ ಮೇಲೆ ಆ ನಾಲ್ವರು ಮರೆತುಹೋಗುತ್ತಾರೆ, ಕಾರಣವೂ ಮರೆತುಹೋಗುತ್ತದೆ, ಕಟ್ಟಳೆಯೊಂದೇ ಉಳಿಯುತ್ತದೆ. ಉಳಿದದ್ದನ್ನು ನಾವು ಪ್ರಕೃತಿಧರ್ಮವೆಂದೇ ತಿಳಿಯುತ್ತೇವೆ. ವೃತ್ತಿಪರ ಟೆನಿಸ್ಸಿನಲ್ಲಿ ಗಂಡಸರ ಆಟಕ್ಕೂ ಹೆಂಗಸರ ಆಟಕ್ಕೂ ನಡುವೆ ಕಾಣುವ ಭೇದಗಳಲ್ಲಿ ಮುಖ್ಯವಾದ ಒಂದರ ಕಥೆ ಇಂಥದು.

ಈಚೆಗೆ ನಮ್ಮ ಕಾಲೇಜಿನಲ್ಲಿ ಒಂದು ಚರ್ಚಾಸ್ಪರ್ಧೆ ನಡೆಯಿತು. ಕ್ರೀಡೆಯಲ್ಲಿ ಸ್ತ್ರೀಪುರುಷರಿಗೆ ಸಮಾನ ಬಹುಮಾನ ಸಲ್ಲಬೇಕೆ ಎಂಬುದು ವಿಷಯ. ತೀರ್ಪುಗಾರರಲ್ಲಿ ನಾನೂ ಒಬ್ಬ. ವಿದ್ಯಾರ್ಥಿಯೊಬ್ಬ ಎದ್ದು ನಿಂತು, ಬಹಳ ಅಚ್ಚುಕಟ್ಟಾಗಿ, ಟೆನಿಸ್ಸನ್ನೇ ಉದಾಹರಣೆಯಾಗಿ ಹಿಡಿದು ವಾದಿಸಿದ: "ವಿಂಬಲ್ಡನ್ನಿನಲ್ಲಿ ಗಂಡಸರು ಐದು ಸೆಟ್ಟು ಆಡುತ್ತಾರೆ, ಹೆಂಗಸರು ಮೂರೇ. ಐದು ಗಂಟೆ ದುಡಿದವನಿಗೂ ಮೂರು ಗಂಟೆ ದುಡಿದವಳಿಗೂ ಒಂದೇ ಕೂಲಿಯೆ? ಇದು ಸಮಾನತೆಯೋ, ದಾಕ್ಷಿಣ್ಯವೋ?" ಸಭೆ ಚಪ್ಪಾಳೆ ತಟ್ಟಿತು. ಅವನಿಗೆ ಉತ್ತರ ಕೊಡಬೇಕಾಗಿದ್ದ ಹುಡುಗಿ ಕ್ಷಣಕಾಲ ಸುಮ್ಮನಿದ್ದು, "ಮೂರೇ ಆಡುತ್ತೇವೆ ಎಂದು ನಾವು ಕೇಳಿಕೊಂಡಿದ್ದೆವೆ?" ಎಂದಷ್ಟೇ ಹೇಳಿದಳು. ಅವಳಿಗೆ ಬೇಕಾದ ಆಧಾರಗಳು ಅವಳ ಕೈಯಲ್ಲಿರಲಿಲ್ಲ. ಆದರೆ ಪ್ರಶ್ನೆ ಸರಿಯಾದ ಜಾಗಕ್ಕೇ ತಗುಲಿತ್ತು. ಹುಡುಗನ ಲೆಕ್ಕದಲ್ಲಿ ಕೂಡುವ ಕಳೆಯುವ ದೋಷವಿರಲಿಲ್ಲ. ಆದರೆ ಆ ಲೆಕ್ಕಕ್ಕೆ ಹಿಂದಿನ ಪುಟವೊಂದಿತ್ತು. ಅದನ್ನು ಯಾರೂ ತಿರುವಿ ನೋಡಿರಲಿಲ್ಲ. ಇಲ್ಲಿ ನಾನು ಮಾಡಹೊರಟಿರುವುದು ಆ ಪುಟವನ್ನು ತಿರುವುವ ಕೆಲಸ.

ಆಟದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು ಹೇಳಬೇಕು. ಟೆನಿಸ್ ಪಂದ್ಯ ಸೆಟ್ಟುಗಳ ಲೆಕ್ಕದಲ್ಲಿ ನಡೆಯುತ್ತದೆ. ಮೂರು ಸೆಟ್ಟಿನ ಪಂದ್ಯದಲ್ಲಿ ಎರಡನ್ನು ಗೆದ್ದವರು ಜಯಶಾಲಿಗಳು; ಐದು ಸೆಟ್ಟಿನ ಪಂದ್ಯದಲ್ಲಿ ಮೂರನ್ನು ಗೆಲ್ಲಬೇಕು. ಆಸ್ಟ್ರೇಲಿಯ, ಫ್ರಾನ್ಸ್, ವಿಂಬಲ್ಡನ್, ಅಮೆರಿಕ ಎಂಬ ನಾಲ್ಕು ಮಹಾ ಟೂರ್ನಮೆಂಟುಗಳಲ್ಲಿ ಗಂಡಸರ ಸಿಂಗಲ್ಸ್ ಐದು ಸೆಟ್ಟಿನದು, ಹೆಂಗಸರ ಸಿಂಗಲ್ಸ್ ಮೂರರದು. ಗ್ರ್ಯಾಂಡ್ ಸ್ಲಾಮ್ ಎಂದು ಹೆಸರಾದವು ಇವೇ. ವರ್ಷವಿಡೀ ಊರೂರು ತಿರುಗಿ ಆಡುವ ಮಿಕ್ಕ ಟೂರ್ನಮೆಂಟುಗಳಲ್ಲಿ ಇಂದು ಗಂಡಸರು ಆಡುವುದೂ ಮೂರು ಸೆಟ್ಟಿನ ಪಂದ್ಯವನ್ನೇ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಏಕೆಂದರೆ ಕೆಲಸಕ್ಕೆ ತಕ್ಕ ಕೂಲಿ ಎಂಬ ವಾದ ಪ್ರಾಮಾಣಿಕವಾದದ್ದೇ ಆಗಿದ್ದರೆ, ಎಲ್ಲಿ ಇಬ್ಬರೂ ಮೂರು ಸೆಟ್ಟು ಆಡುತ್ತಾರೋ ಅಲ್ಲಿ ಇಬ್ಬರ ಹಣವೂ ಸಮನಾಗಿರಬೇಕಿತ್ತು. ಎಷ್ಟೋ ಕಡೆ ನಡೆದಿರುವುದು ಅದಕ್ಕೆ ವಿರುದ್ಧ. 2023ರಲ್ಲಿ ರೋಮ್ ನಗರದ ಟೂರ್ನಮೆಂಟಿನಲ್ಲಿ ಇಬ್ಬರೂ ಆಡಿದ್ದು ಮೂರು ಸೆಟ್ಟಿನ ಪಂದ್ಯಗಳನ್ನೇ. ಆದರೆ ಹೆಂಗಸರಿಗಾಗಿ ತೆಗೆದಿಟ್ಟ ಒಟ್ಟು ಬಹುಮಾನ ಗಂಡಸರದರ ಅರ್ಧವನ್ನೂ ಮುಟ್ಟಿರಲಿಲ್ಲ. ಇಂಥ ದೊಡ್ಡ ಟೂರ್ನಮೆಂಟುಗಳಲ್ಲಿ ಸಮಾನತೆಯನ್ನು ತರುವುದಕ್ಕೆ ಮಹಿಳಾ ಟೆನಿಸ್ ಸಂಘ ಅದೇ ವರ್ಷ 2027 ಮತ್ತು 2033 ಎಂಬ ಎರಡು ಗಡುವುಗಳನ್ನು ಹಾಕಿಕೊಂಡಿತು. ಸೆಟ್ಟು ಸಮನಾದ ಎಷ್ಟೋ ಕಡೆ ಹಣ ಸಮನಲ್ಲ. ಹಣ ಸಮನಾದ ನಾಲ್ಕು ಮಹಾ ಟೂರ್ನಮೆಂಟುಗಳಲ್ಲಿ ಸೆಟ್ಟು ಸಮನಲ್ಲ. ಹೀಗಿರುವಾಗ ಸೆಟ್ಟನ್ನು ಹಣಕ್ಕೆ ಅಳತೆಗೋಲೆಂದು ಹೇಗೆ ಹೇಳುವುದು?

ಟೆನಿಸ್ಸಿಗೆ ಒಂದು ಹಿರಿಮೆಯುಂಟು. ಬೇರೆ ಎಷ್ಟೋ ಆಟಗಳಲ್ಲಿ ಹೆಂಗಸರಿಗಾಗಿ ಸಾಧನವನ್ನೇ ಬದಲಾಯಿಸಿದ್ದಾರೆ. ಗುಂಡೆಸೆತದಲ್ಲಿ ಗಂಡಸರ ಗುಂಡು 7.26 ಕಿಲೋಗ್ರಾಂ, ಹೆಂಗಸರದು 4 ಕಿಲೋಗ್ರಾಂ. ವಾಲಿಬಾಲಿನ ಬಲೆ ಗಂಡಸರಿಗೆ 2.43 ಮೀಟರ್ ಎತ್ತರ, ಹೆಂಗಸರಿಗೆ 2.24. ಟೆನಿಸ್ಸಿನಲ್ಲಿ ಹಾಗಿಲ್ಲ. ಅಂಕಣದ ಉದ್ದ 78 ಅಡಿ, ಸಿಂಗಲ್ಸಿನಲ್ಲಿ ಅಗಲ 27 ಅಡಿ, ನಡುವೆ ಬಲೆಯ ಎತ್ತರ 3 ಅಡಿ; ಇವೆಲ್ಲ ಇಬ್ಬರಿಗೂ ಒಂದೇ. ಹೆಣ್ಣು ಎಂಬ ಕಾರಣಕ್ಕೆ ಬಲೆ ಒಂದಂಗುಲವೂ ತಗ್ಗುವುದಿಲ್ಲ. ನೆಲ ಒಂದು, ಬಲೆ ಒಂದು, ಎಣಿಕೆಯ ಕ್ರಮ ಒಂದು. ಭೇದವಿರುವುದು ಮುಖ್ಯವಾಗಿ ಸೆಟ್ಟುಗಳ ಸಂಖ್ಯೆಯಲ್ಲಿ. ಆ ಭೇದ ಹೇಗೆ ಬಂತು?

ವಿಂಬಲ್ಡನ್ನಿನಲ್ಲಿ ಗಂಡಸರ ಪಂದ್ಯ ಮೊದಲಾದದ್ದು 1877ರಲ್ಲಿ. ಹೆಂಗಸರಿಗೆ ಬಾಗಿಲು ತೆರೆದದ್ದು ಏಳು ವರ್ಷಗಳ ಅನಂತರ, 1884ರಲ್ಲಿ. ಆ ವರ್ಷ ಹದಿಮೂರು ಮಂದಿ ಆಡಿದರು. ಗೆದ್ದ ಮಾಡ್ ವಾಟ್ಸನ್ ಅವರಿಗೆ ಸಿಕ್ಕಿದ್ದು 20 ಗಿನಿ ಬೆಲೆಯ ಬೆಳ್ಳಿಯ ಹೂಬುಟ್ಟಿ. ಗಂಡಸರಲ್ಲಿ ಗೆದ್ದವರಿಗೆ 30 ಗಿನಿಯ ಚಿನ್ನದ ಬಹುಮಾನ. ಫೈನಲ್ಲಿನಲ್ಲಿ ಸೋತವರು ಮಾಡ್ ಅವರ ಅಕ್ಕ ಲಿಲಿಯನ್. ಅವರಿಗೆ ಬೆಳ್ಳಿಯ ಕೈಗನ್ನಡಿ. ಹೂಬುಟ್ಟಿ ಮತ್ತು ಕನ್ನಡಿ! ಆಟವಾಡಿ ಗೆದ್ದವರಿಗೆ ಏನು ಕೊಡಬೇಕೆಂದು ಯೋಚಿಸಿದವರ ಮನಸ್ಸಿನಲ್ಲಿ ಆಟಗಾರ್ತಿಯ ಚಿತ್ರವಿರಲಿಲ್ಲ, ಮನೆಯ ನಡುಕೋಣೆಯಲ್ಲಿ ಕುಳಿತ ಗೃಹಿಣಿಯ ಚಿತ್ರವಿತ್ತು ಎಂದು ಈ ವಸ್ತುಗಳೇ ಹೇಳುತ್ತವೆ.

ಅಮೆರಿಕದಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. 1891ರಿಂದ 1901ರವರೆಗೆ ಅಲ್ಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಕೊನೆಯ ಸುತ್ತುಗಳಲ್ಲಿ ಹೆಂಗಸರು ಐದು ಸೆಟ್ಟಿನ ಪಂದ್ಯವನ್ನೇ ಆಡುತ್ತಿದ್ದರು. ಇದು ಯಾರೋ ಕಟ್ಟಿದ ಕಥೆಯಲ್ಲ, ದಾಖಲೆಯಲ್ಲಿ ನಿಂತ ಸಂಗತಿ. ನೆಲ ಮುಟ್ಟುವ ಲಂಗ, ಮೈ ಬಿಗಿಯುವ ಒಳಕಟ್ಟು, ತೋಳು ಮುಚ್ಚುವ ರವಿಕೆ—ಇಷ್ಟನ್ನೂ ಹೊತ್ತು ಬೇಸಗೆಯ ಬಿಸಿಲಿನಲ್ಲಿ ಐದು ಸೆಟ್ಟು. 1901ರಲ್ಲಿ ಎಲಿಜಬೆತ್ ಮೂರ್ ಎಂಬ ತರುಣಿ ಮೇರಿಯನ್ ಜೋನ್ಸ್ ಅವರನ್ನು 4–6, 1–6, 9–7, 9–7, 6–3ರಲ್ಲಿ ಸೋಲಿಸಿದರು. ಮೊದಲ ಎರಡು ಸೆಟ್ಟುಗಳನ್ನು ಕಳೆದುಕೊಂಡವರು ಎದ್ದು ನಿಂತು ಉಳಿದ ಮೂರನ್ನೂ ಗೆದ್ದುಕೊಂಡರು. ಮರುದಿನವೇ ಹಿಂದಿನ ವರ್ಷದ ಚಾಂಪಿಯನ್ ಮರ್ಟಲ್ ಮೆಕಾಟೀರ್ ಅವರೊಡನೆ ಮತ್ತೆ ಐದು ಸೆಟ್ಟು ಆಡಿ 6–4, 3–6, 7–5, 2–6, 6–2ರಲ್ಲಿ ಗೆದ್ದರು. ಗೇಮುಗಳನ್ನು ಕೂಡಿ ನೋಡಿದರೆ ಎರಡು ದಿನಗಳಲ್ಲಿ ನೂರ ಐದು.

ಇಂಥ ಸಾಹಸವನ್ನು ಕಂಡ ಮೇಲೆ ಹೆಂಗಸರ ಕಸುವಿನ ಬಗ್ಗೆ ಇದ್ದ ಸಂದೇಹ ಕರಗಬೇಕಿತ್ತು. ಆದದ್ದು ಬೇರೆ. ಆಟದ ಆಡಳಿತ ನಡೆಸುತ್ತಿದ್ದ ಗಂಡಸರ ಸಮಿತಿಗೆ, ಪಾಪ, ಹೆಂಗಸರ ಮೇಲೆ ಕರುಣೆ ಹುಟ್ಟಿತು. ಇನ್ನು ಮುಂದೆ ಹೆಂಗಸರಿಗೆ ಮೂರು ಸೆಟ್ಟು ಸಾಕೆಂದು 1902ರಲ್ಲಿ ತೀರ್ಮಾನವಾಯಿತು. ಯಾರ ಶ್ರಮವನ್ನು ಕಂಡು ಈ ಕರುಣೆ ಹುಟ್ಟಿತೋ ಆ ಮೂರ್ ಅವರೇ ಇದನ್ನು ಒಪ್ಪಲಿಲ್ಲ. ಆಡುವ ಹೆಂಗಸರ ಅಭಿಪ್ರಾಯ ಕೇಳದೆ ಇಂಥ ಬದಲಾವಣೆ ಮಾಡಬಾರದಾಗಿತ್ತು, ಟೆನಿಸ್ ಬರಿಯ ಕೌಶಲದ ಆಟವಲ್ಲ, ಸಹನಶಕ್ತಿಯ ಆಟವೂ ಹೌದು ಎಂಬ ಅರ್ಥದಲ್ಲಿ ಅವರು ಪ್ರತಿಭಟಿಸಿದರು. ಕೇಳುವವರಿರಲಿಲ್ಲ. ಆ ಬಳಿಕ ಹೆಂಗಸರು ಮತ್ತೊಂದು ಐದು ಸೆಟ್ಟಿನ ಪಂದ್ಯವನ್ನು ಕೊನೆಯವರೆಗೆ ಆಡಿದ್ದು 1990ರಲ್ಲಿ. ನ್ಯೂಯಾರ್ಕಿನಲ್ಲಿ ನಡೆಯುತ್ತಿದ್ದ ವರ್ಷಾಂತ್ಯದ ಚಾಂಪಿಯನ್‌ಷಿಪ್ಪಿನ ಫೈನಲ್ಲನ್ನು 1984ರಿಂದ 1998ರವರೆಗೆ ಐದು ಸೆಟ್ಟಿಗೆ ಏರಿಸಿದ್ದರು. 1990ರಲ್ಲಿ ಮೋನಿಕಾ ಸೆಲೆಸ್ ಅವರೂ ಗೇಬ್ರಿಯೆಲಾ ಸಬಾಟಿನಿ ಅವರೂ ಐದನ್ನೂ ಆಡಿದರು. ಸೆಲೆಸ್ ಗೆದ್ದರು. ಅವರಿಗೆ ಆಗ ಹದಿನಾರು ವರ್ಷ! ಎಂಬತ್ತೊಂಬತ್ತು ವರ್ಷಗಳ ಕಾಲ ಯಾರೂ ಪರೀಕ್ಷಿಸದೆ ಉಳಿದಿದ್ದ ಅಶಕ್ತಿಯನ್ನು ಹದಿನಾರರ ಹುಡುಗಿಯೊಬ್ಬಳು ಒಂದೇ ಪಂದ್ಯದಲ್ಲಿ ಸುಳ್ಳು ಮಾಡಿದಳು.

ಇಷ್ಟು ಹೇಳಿದ ಮಾತ್ರಕ್ಕೆ ದೇಹದ ಭೇದವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಣ್ಣಿಗೆ ಕಾಣುವುದನ್ನು ಇಲ್ಲವೆನ್ನುವುದು ವಾದವಾಗುವುದಿಲ್ಲ, ಹಟವಾಗುತ್ತದೆ. 2016ರಲ್ಲಿ ಜಾನ್ ಇಸ್ನರ್ ಅವರ ಸರ್ವಿಸೊಂದು ಗಂಟೆಗೆ 253 ಕಿಲೋಮೀಟರ್ ವೇಗದಲ್ಲಿ ಸಾಗಿತು. ಹೆಂಗಸರ ಅತಿವೇಗದ ಸರ್ವಿಸುಗಳು 220ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಆಂಡಿ ಮರ್ರಿ ಅವರೊಡನೆ ಆಡಿದರೆ ತಾನು ಕೆಲವೇ ನಿಮಿಷಗಳಲ್ಲಿ ಒಂದು ಗೇಮನ್ನೂ ಗೆಲ್ಲದೆ ಸೋಲುವುದಾಗಿ 2013ರಲ್ಲಿ ಸೆರೀನಾ ವಿಲಿಯಮ್ಸ್ ಅವರೇ ನಕ್ಕು ಹೇಳಿದ್ದರು. ಗಂಡಸರ ಟೆನಿಸ್ಸೂ ಹೆಂಗಸರ ಟೆನಿಸ್ಸೂ ಬೇರೆ ಬೇರೆ ಎಂಬುದು ಅವರ ಮಾತಿನ ತಾತ್ಪರ್ಯ. ಅವರ ಮಾತಿನಲ್ಲಿ ವಿವೇಕವಿದೆ. ಹಗುರ ತೂಕದ ಮುಷ್ಟಿಮಲ್ಲನನ್ನು ಭಾರಿ ತೂಕದವನೊಡನೆ ಕಾದಾಡಿಸಿ, ಸೋತನೆಂದು ಅವನ ವಿದ್ಯೆಯನ್ನು ಹಳಿಯುವವರುಂಟೆ? ದೇಹದ ಭೇದ ಆಟಕ್ಕೆ ಬೇರೆಯ ರುಚಿಯನ್ನು ಕೊಡುತ್ತದೆ. ಗಂಡಸರಲ್ಲಿ ಸರ್ವಿಸ್ ಮಾಡುವವರ ಕೈ ಬಹಳ ಮೇಲಾಗಿರುವುದರಿಂದ ಎಷ್ಟೋ ಗೇಮುಗಳು ಎರಡು ಮೂರು ಹೊಡೆತಗಳಲ್ಲಿ ಮುಗಿಯುತ್ತವೆ. ಹೆಂಗಸರಲ್ಲಿ ಎದುರಾಳಿಯ ಸರ್ವಿಸನ್ನು ಮುರಿಯುವುದು ಹೆಚ್ಚು ಸಾಧ್ಯ. ಆದ್ದರಿಂದ ಪಂದ್ಯದ ಭಾಗ್ಯ ಬೇಗ ಬೇಗ ತಿರುಗುತ್ತದೆ. ಒಂದು ಹೆಚ್ಚು, ಇನ್ನೊಂದು ಕಡಮೆ ಎನ್ನುವುದಕ್ಕಿಂತ ಎರಡು ಬೇರೆ ರಾಗಗಳೆನ್ನುವುದು ಲೇಸು.

ಸಹನಶಕ್ತಿಯ ಮಾತಿಗೆ ಇನ್ನೊಂದು ನಿದರ್ಶನ. 1984ರಲ್ಲಿ ಅಮೆರಿಕದ ರಿಚ್ಮಂಡ್ ನಗರದಲ್ಲಿ ವಿಕಿ ನೆಲ್ಸನ್ ಮತ್ತು ಜೀನ್ ಹೆಪ್ನರ್ ಎಂಬಿಬ್ಬರು ಆಡಿದ ಪಂದ್ಯ ಎರಡೇ ಸೆಟ್ಟುಗಳಲ್ಲಿ ಮುಗಿಯಿತು. ಆ ಎರಡು ಸೆಟ್ಟುಗಳಿಗೆ ಹಿಡಿದ ಹೊತ್ತು 6 ಗಂಟೆ 31 ನಿಮಿಷ. ಅದರಲ್ಲಿ ಒಂದೇ ಒಂದು ಅಂಕಕ್ಕಾಗಿ ಚೆಂಡು 643 ಸಲ ಬಲೆಯ ಮೇಲೆ ಹಾರಾಡಿತು. ಆ ಅಂಕವೊಂದಕ್ಕೇ 29 ನಿಮಿಷ. ನೋಡಿದವರಿಗೆ ಸೊಗಸೆನಿಸಿತೋ ಇಲ್ಲವೋ, ಅದು ಬೇರೆ ಮಾತು. ಹೊತ್ತಿನ ಉದ್ದವೂ ಆಟದ ಸೊಬಗೂ ಒಂದೇ ಅಲ್ಲವೆಂಬುದಕ್ಕೂ ಈ ಪಂದ್ಯವೇ ಸಾಕ್ಷಿ. ವಚನವೊಂದು ಹತ್ತು ಸಾಲಿನದೆಂದು, ಕಾವ್ಯವೊಂದು ಹದಿನಾಲ್ಕು ಆಶ್ವಾಸದ್ದೆಂದು, ಸಾಲೆಣಿಸಿ ಬೆಲೆ ಕಟ್ಟುವ ವಿಮರ್ಶಕನನ್ನು ನಾವು ಹತ್ತಿರ ಸೇರಿಸುತ್ತೇವೆಯೆ?

ಇನ್ನು ಹಣದ ಕಥೆ. ವೃತ್ತಿಪರರಿಗೆ ಮಹಾ ಟೂರ್ನಮೆಂಟುಗಳ ಬಾಗಿಲು ತೆರೆದದ್ದು 1968ರಲ್ಲಿ. ಆ ವರ್ಷ ವಿಂಬಲ್ಡನ್ ಗೆದ್ದ ರಾಡ್ ಲೇವರ್ ಅವರಿಗೆ 2,000 ಪೌಂಡು, ಬಿಲ್ಲಿ ಜೀನ್ ಕಿಂಗ್ ಅವರಿಗೆ 750. 1970ರಲ್ಲಿ ಲಾಸ್ ಏಂಜಲೀಸಿನ ಒಂದು ಟೂರ್ನಮೆಂಟಿನಲ್ಲಿ ಗಂಡಸರಿಗೆ 12,500 ಡಾಲರು, ಹೆಂಗಸರಿಗೆ 1,500 ಎಂದು ಪ್ರಕಟವಾದಾಗ ತಾಳ್ಮೆಯ ಕಟ್ಟೆ ಒಡೆಯಿತು. 'ವರ್ಲ್ಡ್ ಟೆನಿಸ್' ಪತ್ರಿಕೆಯನ್ನು ನಡೆಸುತ್ತಿದ್ದ ಗ್ಲ್ಯಾಡಿಸ್ ಹೆಲ್ಡ್‌ಮನ್ ಅವರ ಮುಂದಾಳುತನದಲ್ಲಿ ಒಂಬತ್ತು ಮಂದಿ ಆಟಗಾರ್ತಿಯರು ಹ್ಯೂಸ್ಟನ್ ನಗರದಲ್ಲಿ ತಮ್ಮದೇ ಟೂರ್ನಮೆಂಟು ಹೂಡಿದರು. ಪ್ರತಿಯೊಬ್ಬರೂ ಸಹಿ ಹಾಕಿದ ಕರಾರಿನ ಮೊತ್ತ ಒಂದು ಡಾಲರು. ಅಧಿಕೃತ ಸಂಘದಿಂದ ಹೊರಹಾಕಿಸಿಕೊಳ್ಳುವ ಭಯವನ್ನು ಕಣ್ಣೆದುರಿಗಿಟ್ಟುಕೊಂಡೇ ಹಾಕಿದ ಸಹಿ ಅದು. ಆ ಒಂದು ಡಾಲರಿನ ಬಿತ್ತನೆಯ ಫಲವನ್ನೇ ಇಂದಿನ ಆಟಗಾರ್ತಿಯರು ಉಣ್ಣುತ್ತಿರುವುದು. 1973ರ ಜೂನ್ ತಿಂಗಳಲ್ಲಿ ಲಂಡನ್ನಿನಲ್ಲಿ ಮಹಿಳಾ ಟೆನಿಸ್ ಸಂಘ ಹುಟ್ಟಿತು. ಅದೇ ವರ್ಷ ಅಮೆರಿಕದ ಓಪನ್ ಟೂರ್ನಮೆಂಟು ಗಂಡಸರಲ್ಲಿ ಗೆದ್ದ ಜಾನ್ ನ್ಯೂಕೂಂಬ್ ಅವರಿಗೂ ಹೆಂಗಸರಲ್ಲಿ ಗೆದ್ದ ಮಾರ್ಗರೆಟ್ ಕೋರ್ಟ್ ಅವರಿಗೂ ಸಮನಾಗಿ 25,000 ಡಾಲರು ಕೊಟ್ಟಿತು. ಹಿಂದಿನ ವರ್ಷ ಅಲ್ಲಿಯೇ ಗೆದ್ದಿದ್ದ ಕಿಂಗ್ ಅವರಿಗೆ ಸಿಕ್ಕಿದ್ದು 10,000 ಮಾತ್ರ. ಸಮನಾಗದಿದ್ದರೆ ಮುಂದಿನ ವರ್ಷ ಬರುವುದಿಲ್ಲವೆಂದು ಅವರು ಹೇಳಿದ್ದರು.

1973ರ ಸೆಪ್ಟೆಂಬರ್ 20ರಂದು ಹ್ಯೂಸ್ಟನ್ನಿನಲ್ಲಿ ಕಿಂಗ್ ಅವರಿಗೂ ಬಾಬಿ ರಿಗ್ಸ್ ಅವರಿಗೂ ನಡೆದ ಪಂದ್ಯದ ವಿಷಯ ಅನೇಕರು ಕೇಳಿರಬಹುದು. ರಿಗ್ಸ್ ಅವರಿಗೆ ಐವತ್ತೈದು ವರ್ಷ, ಕಿಂಗ್ ಅವರಿಗೆ ಇಪ್ಪತ್ತೊಂಬತ್ತು. ಆ ವರ್ಷದ ಮೇ ತಿಂಗಳಲ್ಲಿ ರಿಗ್ಸ್ ಮಾರ್ಗರೆಟ್ ಕೋರ್ಟ್ ಅವರನ್ನು ಸುಲಭವಾಗಿ ಸೋಲಿಸಿ, ಹೆಂಗಸರ ಆಟ ಮುದುಕರ ಆಟಕ್ಕೂ ಸಾಟಿಯಲ್ಲವೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಪ್ರೇಕ್ಷಕರ ಎದುರಿಗೆ ಕಿಂಗ್ 6–4, 6–3, 6–3ರಲ್ಲಿ ಗೆದ್ದರು. ಸರ್ಕಸ್ಸಿನಂಥ ಈ ಪಂದ್ಯದಿಂದ ದೇಹಬಲದ ವಿಷಯದಲ್ಲಿ ಏನೂ ಸಿದ್ಧವಾಗುವುದಿಲ್ಲ. ವಯಸ್ಸಿನ ಅಂತರ ಅಷ್ಟಿತ್ತು. ಆದರೆ ಎಲ್ಲರೂ ಮರೆಯುವ ಒಂದು ಅಂಶವಿದೆ. ಸ್ಕೋರನ್ನು ಇನ್ನೊಮ್ಮೆ ನೋಡಿ: ಗೆಲ್ಲುವುದಕ್ಕೆ ಮೂರು ಸೆಟ್ಟು ಬೇಕಾಗಿತ್ತು. ಅದು ಐದು ಸೆಟ್ಟಿನ ಪಂದ್ಯ. ಜಗತ್ತೇ ನೋಡುತ್ತಿದ್ದ ಆ ದಿನ ಹೆಂಗಸೊಬ್ಬರು ಐದು ಸೆಟ್ಟು ಆಡಬಲ್ಲರೆ ಎಂಬ ಪ್ರಶ್ನೆ ಯಾರಿಗೂ ಅಡ್ಡಿಯಾಗಲಿಲ್ಲ.

ವಿಂಬಲ್ಡನ್ ಮಾತ್ರ ಸುಲಭವಾಗಿ ಬಗ್ಗಲಿಲ್ಲ. 2005ರಲ್ಲಿ ಅಲ್ಲಿ ಗಂಡಸರಲ್ಲಿ ಗೆದ್ದ ರೋಜರ್ ಫೆಡರರ್ ಅವರಿಗೆ 6,30,000 ಪೌಂಡು, ಹೆಂಗಸರಲ್ಲಿ ಗೆದ್ದ ವೀನಸ್ ವಿಲಿಯಮ್ಸ್ ಅವರಿಗೆ 6,00,000. ನಮ್ಮ ಚರ್ಚಾಸ್ಪರ್ಧೆಯ ಹುಡುಗ ಕೇಳಬೇಕಾದ ಲೆಕ್ಕ ಇದು: ಫೆಡರರ್ ಅವರ ಫೈನಲ್ ಮುಗಿದದ್ದು 1 ಗಂಟೆ 41 ನಿಮಿಷದಲ್ಲಿ. ವೀನಸ್ ಅವರು ಲಿಂಡ್ಸೆ ಡೇವನ್‌ಪೋರ್ಟ್ ಅವರನ್ನು 4–6, 7–6, 9–7ರಲ್ಲಿ ಸೋಲಿಸುವುದಕ್ಕೆ ತೆಗೆದುಕೊಂಡದ್ದು 2 ಗಂಟೆ 45 ನಿಮಿಷ. ಹೊತ್ತಿನ ಲೆಕ್ಕದಲ್ಲೇ ಕೂಲಿಯಾದರೆ ಆ ವರ್ಷ ಹೆಚ್ಚು ಹಣ ಹೋಗಬೇಕಾಗಿದ್ದುದು ಯಾರಿಗೆ? ಆ ಫೈನಲ್ಲಿನ ಹಿಂದಿನ ದಿನವಷ್ಟೇ ವೀನಸ್ ಅಧಿಕಾರಿಗಳ ಸಭೆಗೆ ಹೋಗಿ ಸಮಾನತೆಯ ಪರವಾಗಿ ಮಾತನಾಡಿ ಬಂದಿದ್ದರು. 2006ರಲ್ಲಿಯೂ ಹಾಗೆಯೇ ಆಯಿತು: ಫೆಡರರ್ ಅವರಿಗೆ 6,55,000, ಅಮೇಲಿ ಮೊರೆಸ್ಮೊ ಅವರಿಗೆ 6,25,000. ಲಕ್ಷಗಟ್ಟಲೆ ಪೌಂಡುಗಳ ನಡುವೆ ಮೂವತ್ತು ಸಾವಿರ ಉಳಿಸಿ ಯಾವ ಕ್ಲಬ್ಬೂ ಶ್ರೀಮಂತವಾಗುವುದಿಲ್ಲ. ಅದು ಹಣದ ಅಂತರವಾಗಿರಲಿಲ್ಲ, ಆಸನದ ಅಂತರವಾಗಿತ್ತು. ಪಂಕ್ತಿಯಲ್ಲಿ ಒಬ್ಬರ ಮಣೆಯನ್ನು ಎರಡಂಗುಲ ಹಿಂದೆ ಸರಿಸಿಟ್ಟಂತೆ. 2007ರಲ್ಲಿ ಅಂತರ ಹೋಯಿತು. ಇಬ್ಬರಿಗೂ 7,00,000 ಪೌಂಡು. ಆ ವರ್ಷ ಗೆದ್ದು ಅದನ್ನು ಪಡೆದವರು ವೀನಸ್ ಅವರೇ.

ಭಾಷೆಯ ಉಪಾಧ್ಯಾಯನಾದ ನನಗೆ ಹಣಕ್ಕಿಂತ ಹೆಸರಿನ ಕಥೆ ಹೆಚ್ಚು ತಟ್ಟುತ್ತದೆ. ವಿಂಬಲ್ಡನ್ನಿನಲ್ಲಿ ಗೆದ್ದವರ ಹೆಸರನ್ನು ಬರೆಯುವ ಗೌರವಫಲಕಗಳಿವೆ. ಗಂಡಸರ ಫಲಕದಲ್ಲಿ ಬರಿಯ ಹೆಸರು: 'ಆರ್. ಫೆಡರರ್'. ಹೆಂಗಸರ ಫಲಕದಲ್ಲಿ ಹೆಸರಿಗೆ ಮುಂಚೆ 'ಮಿಸ್' ಅಥವಾ 'ಮಿಸೆಸ್'. ಮದುವೆಯಾದವರಾದರೆ ಗಂಡನ ಹೆಸರಿನ ಮೊದಲಕ್ಷರಗಳೇ ಹೆಂಡತಿಯ ಹೆಸರಾಗುತ್ತಿದ್ದುವು. 1981ರಲ್ಲಿ ಗೆದ್ದವರು 'ಮಿಸೆಸ್ ಜೆ. ಎಂ. ಲಾಯ್ಡ್'. ಆಡಿ ಗೆದ್ದವರು ಕ್ರಿಸ್ ಎವರ್ಟ್. ಫಲಕದ ಮೇಲೆ ನಿಂತದ್ದು ಅವರ ಪತಿಯ ಅಕ್ಷರಗಳು. ಅಂಪೈರುಗಳು ಸ್ಕೋರು ಕೂಗುವಾಗ ಈ ಪದವಿಗಳನ್ನು ಬಿಟ್ಟದ್ದು 2019ರಲ್ಲಿ. ಫಲಕದಿಂದ ಅವು ಹೋದದ್ದು 2022ರಲ್ಲಿ. ನಮ್ಮ ಕನ್ನಡದಲ್ಲಿ ಇಂಥ ಸಂದರ್ಭಕ್ಕೆ ಒಂದು ಸೌಲಭ್ಯವಿದೆ. ಏಕವಚನದಲ್ಲಿ ಆಡಿದನು, ಆಡಿದಳು ಎಂದು ಭೇದವೆಣಿಸುವ ಭಾಷೆ, ಗೌರವಾರ್ಥದ ಬಹುವಚನಕ್ಕೆ ಬಂದೊಡನೆ ಆಡಿದರು ಎಂದು ಇಬ್ಬರನ್ನೂ ಒಂದೇ ಪ್ರತ್ಯಯದಲ್ಲಿ ಕೂರಿಸುತ್ತದೆ. ಗೌರವ ಬಂದಲ್ಲಿ ಲಿಂಗಭೇದ ತಾನಾಗಿ ಹಿಂದೆ ಸರಿಯುತ್ತದೆ. ಆದರೆ ನಾವೂ ನಿರ್ದೋಷಿಗಳಲ್ಲ. 'ಟೆನಿಸ್' ಎಂದರೆ ಗಂಡಸರದು, ಹೆಂಗಸರದಾದರೆ 'ಮಹಿಳಾ ಟೆನಿಸ್' ಎಂದು ಬರೆಯುವುದು ನಮ್ಮ ಪತ್ರಿಕೆಗಳಲ್ಲೂ ರೂಢಿಯಾಗಿದೆ. 2017ರಲ್ಲಿ ಪತ್ರಕರ್ತರೊಬ್ಬರು, 2009ರಿಂದೀಚೆಗೆ ಮಹಾ ಟೂರ್ನಮೆಂಟಿನ ಸೆಮಿಫೈನಲ್ ಮುಟ್ಟಿದ ಮೊದಲ ಅಮೆರಿಕನ್ ಆಟಗಾರನೆಂದು ಒಬ್ಬರನ್ನು ವರ್ಣಿಸಿದಾಗ, ಎದುರಿಗೆ ಕುಳಿತಿದ್ದ ಆಂಡಿ ಮರ್ರಿ, ಗಂಡು ಆಟಗಾರ ಎಂದು ಮೆಲ್ಲಗೆ ತಿದ್ದಿದರು. ಆ ಅವಧಿಯಲ್ಲಿ ವಿಲಿಯಮ್ಸ್ ಸೋದರಿಯರು ಗೆದ್ದ ಪ್ರಶಸ್ತಿಗಳನ್ನು ಆ ಒಂದು ವಾಕ್ಯ ನುಂಗಿಹಾಕಿತ್ತು.

ದೇಹದ ಭೇದ ನಿಜವಾಗಿ ಎದ್ದು ಕಾಣುವ ಒಂದು ಸ್ಥಳವಿದೆ. ಆಶ್ಚರ್ಯವೆಂದರೆ ಅಲ್ಲಿಯೇ ನಿಯಮ ಬಹುಕಾಲ ಕಣ್ಣು ಮುಚ್ಚಿಕೊಂಡಿತ್ತು. ಅದು ತಾಯ್ತನ. ಫೆಡರರ್ ಅವರಿಗೆ 2009ರ ಜುಲೈಯಲ್ಲಿ ಅವಳಿ ಮಕ್ಕಳಾದವು. ಮುಂದಿನ ತಿಂಗಳೇ ಅವರು ಸಿನ್ಸಿನಾಟಿಯಲ್ಲಿ ಪ್ರಶಸ್ತಿ ಗೆದ್ದರು. ಸೆರೀನಾ ವಿಲಿಯಮ್ಸ್ 2017ರಲ್ಲಿ ಬಸುರಿಯಾಗಿದ್ದಾಗಲೇ ಆಸ್ಟ್ರೇಲಿಯದ ಪ್ರಶಸ್ತಿ ಗೆದ್ದು, ಸೆಪ್ಟೆಂಬರಿನಲ್ಲಿ ಹೆತ್ತು, 2018ರಲ್ಲಿ ಪ್ಯಾರಿಸ್ಸಿಗೆ ಬಂದಾಗ ಅವರ ಸ್ಥಾನ ನಾನೂರೈವತ್ತರ ಆಚೆಗೆ ಜಾರಿತ್ತು, ಶ್ರೇಯಾಂಕವೂ ಸಿಗಲಿಲ್ಲ. ಆ ವರ್ಷದ ಕೊನೆಗೆ ಮಹಿಳಾ ಸಂಘ ಹೆತ್ತು ಮರಳುವವರ ಸ್ಥಾನವನ್ನು ಕಾಪಾಡುವ ನಿಯಮಗಳನ್ನು ಬಿಗಿಗೊಳಿಸಿತು. ಆಟಗಾರ್ತಿಯರಿಗೆ ಹನ್ನೆರಡು ತಿಂಗಳವರೆಗೆ ಹೆರಿಗೆಯ ಕಾಲದ ವೇತನ ಕೊಡುವ ಏರ್ಪಾಟು ಬಂದದ್ದು 2025ರಲ್ಲಿ. ನಮ್ಮ ಸಾನಿಯಾ ಮಿರ್ಜಾ 2018ರಲ್ಲಿ ತಾಯಿಯಾಗಿ, 2020ರ ಜನವರಿಯಲ್ಲಿ ಅಂಕಣಕ್ಕೆ ಮರಳಿ, ಮೊದಲ ಟೂರ್ನಮೆಂಟಿನಲ್ಲೇ ಹೋಬಾರ್ಟಿನ ಡಬಲ್ಸ್ ಪ್ರಶಸ್ತಿ ಗೆದ್ದರು. ಭೇದವನ್ನು ಗಮನಿಸಬೇಕಾದಲ್ಲಿ ಗಮನಿಸದೆ, ಬೇಡವಾದಲ್ಲಿ ಕಲ್ಪಿಸಿದ್ದು ನಿಯಮ ಮಾಡಿದವರ ವೈಚಿತ್ರ್ಯ.

ಹಣ ಸಮನಾಯಿತು, ಫಲಕ ಸಮನಾಯಿತು. ಇನ್ನೇನು ಉಳಿಯಿತು ಎಂದು ಕೇಳಬಹುದು. ಉಳಿದದ್ದು 1902. ಪ್ಯಾರಿಸ್ಸಿನ ಟೂರ್ನಮೆಂಟಿನಲ್ಲಿ 2021ರಿಂದ ರಾತ್ರಿಯ ಪಂದ್ಯಗಳು ಮೊದಲಾದುವು. ರಾತ್ರಿಗೆ ಒಂದೇ ಪಂದ್ಯ. ಅದಕ್ಕೆ ಬೇರೆ ಟಿಕೆಟ್ಟು, ಬೇರೆ ಮೆರುಗು. 2022ರಲ್ಲಿ ಹತ್ತು ರಾತ್ರಿಗಳಲ್ಲಿ ಹೆಂಗಸರಿಗೆ ಸಿಕ್ಕಿದ್ದು ಒಂದು. 2024ರಲ್ಲಿ ಒಂದೂ ಇಲ್ಲ, 2025ರಲ್ಲಿಯೂ ಇಲ್ಲ. ಟೂರ್ನಮೆಂಟಿನ ನಿರ್ದೇಶಕರು ಕೊಟ್ಟ ಕಾರಣವೇನೆಂದರೆ, ಹೆಂಗಸರ ಪಂದ್ಯ ಎರಡು ಸೆಟ್ಟುಗಳಲ್ಲಿ ಬೇಗ ಮುಗಿದುಹೋಗಬಹುದು, ಹಣ ತೆತ್ತು ರಾತ್ರಿಗೆಂದು ಬಂದವರಿಗೆ ಅದು ಸಾಲದು. ಆ ನಿರ್ದೇಶಕರು ಯಾರು? 2006ರಲ್ಲಿ ವಿಂಬಲ್ಡನ್ ಗೆದ್ದು ಮೂವತ್ತು ಸಾವಿರ ಪೌಂಡು ಕಡಮೆ ಪಡೆದ ಅಮೇಲಿ ಮೊರೆಸ್ಮೊ ಅವರೇ! ಅವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಕೈಗೆ ಬಂದ ಕಟ್ಟಳೆಯೊಳಗೆ ವ್ಯವಹಾರ ನಡೆಸುವವರಿಗೆ ಬೇರೆ ದಾರಿ ಕಾಣದಿರಬಹುದು. ಆದರೆ ಸರಪಳಿಯನ್ನು ನೋಡಿ. ನಿಮಗೆ ಆಯಾಸವಾದೀತೆಂದು ಕೇಳದೆಯೇ ಎರಡು ಸೆಟ್ಟು ಕಿತ್ತುಕೊಂಡರು. ಕಡಮೆ ಆಡುತ್ತೀರೆಂದು ಹಣ ಇಳಿಸಿದರು. ಹಣವನ್ನು ಏರಿಸಬೇಕಾಗಿ ಬಂದಾಗ, ಬೇಗ ಮುಗಿಸುತ್ತೀರೆಂದು ದೀಪದ ಬೆಳಕಿನಿಂದ ಹೊರಗಿಟ್ಟರು. ಕರುಣೆಯಿಂದ ಹುಟ್ಟಿದ ನಿಯಮ ಮೂರನೆಯ ತಲೆಮಾರಿಗೆ ತಪ್ಪೊಪ್ಪಿಗೆಯ ಪತ್ರವಾಗಿ ಅವರ ವಿರುದ್ಧವೇ ಓದಲ್ಪಡುತ್ತಿದೆ.

ಐದು ಸೆಟ್ಟಿನ ಪಂದ್ಯಕ್ಕೆ ತನ್ನದೇ ಘನತೆಯುಂಟೆಂದು ಒಪ್ಪಲೇಬೇಕು. 2025ರ ಪ್ಯಾರಿಸ್ ಫೈನಲ್ಲಿನಲ್ಲಿ ಕಾರ್ಲೋಸ್ ಅಲ್ಕರಾಜ್ ಮೊದಲೆರಡು ಸೆಟ್ಟುಗಳನ್ನು ಸೋತು, ಯಾನಿಕ್ ಸಿನ್ನರ್ ಅವರ ಕೈಗೆ ಪ್ರಶಸ್ತಿ ಜಾರುವುದಕ್ಕೆ ಒಂದೇ ಅಂಕ ಉಳಿದಿದ್ದ ಸಂದರ್ಭವನ್ನು ಮೂರು ಸಲ ದಾಟಿ, 5 ಗಂಟೆ 29 ನಿಮಿಷಗಳ ಮೇಲೆ ಗೆದ್ದರು. ಮೂರು ಸೆಟ್ಟಿನ ಪಂದ್ಯವಾಗಿದ್ದರೆ ಆ ಮಹಾಕಥೆ ಹುಟ್ಟುತ್ತಲೇ ಇರಲಿಲ್ಲ. ಸಿನ್ನರ್ ಗೆದ್ದು ಮನೆಗೆ ಹೋಗುತ್ತಿದ್ದರು. ಎಲಿಜಬೆತ್ ಮೂರ್ 1901ರಲ್ಲಿ ಮಾಡಿದ್ದು ಇಂಥದನ್ನೇ, ಎರಡು ಸೆಟ್ಟು ಸೋತು ಮೂರು ಗೆದ್ದದ್ದನ್ನೇ ಅಲ್ಲವೆ? 1902ರ ತೀರ್ಮಾನ ಹೆಂಗಸರಿಂದ ಕಿತ್ತುಕೊಂಡದ್ದು ಬರಿಯ ಶ್ರಮವನ್ನಲ್ಲ. ಸೋಲಿನ ಅಂಚಿನಿಂದ ಹಿಂದಿರುಗಿ ಬರುವ ಅವಕಾಶವನ್ನು. ತಾವು ಐದು ಸೆಟ್ಟಿಗೂ ಸಿದ್ಧವೆಂದು ಮಹಿಳಾ ಸಂಘದ ಮುಖ್ಯಸ್ಥೆ ಸ್ಟೇಸಿ ಅಲಸ್ಟರ್ 2013ರಲ್ಲಿಯೇ ಹೇಳಿದ್ದರು. ಇಬ್ಬರಿಗೂ ಮೂರಾಗಲಿ, ಇಬ್ಬರಿಗೂ ಐದಾಗಲಿ, ಕೊನೆಯ ಸುತ್ತುಗಳಿಗೆ ಮಾತ್ರ ಐದಾಗಲಿ. ಅದನ್ನು ಆಟ ಬಲ್ಲವರು ನಿರ್ಣಯಿಸಲಿ. ನಿರ್ಣಯಿಸುವಾಗ ಆಡುವವರನ್ನು ಕೇಳಲಿ ಎಂಬುದಷ್ಟೇ ಹೊರಗಿನವನಾದ ನನ್ನ ಮಾತು.

ಸ್ತ್ರೀಪುರುಷರು ಒಂದೇ ಅಂಕಣದಲ್ಲಿ ನಿಲ್ಲುವ ಮಿಶ್ರ ಡಬಲ್ಸ್ ಎಂಬ ಆಟವೂ ಇದೆ. 2023ರ ಜನವರಿಯಲ್ಲಿ ಮೆಲ್ಬರ್ನಿನ ಮಿಶ್ರ ಡಬಲ್ಸ್ ಫೈನಲ್ಲಿನಲ್ಲಿ ಸಾನಿಯಾ ಮಿರ್ಜಾ ಅವರ ಜೊತೆಗೆ ನಿಂತವರು ನಮ್ಮ ಕೊಡಗಿನ ರೋಹನ್ ಬೋಪಣ್ಣ. ಅದು ಸಾನಿಯಾ ಅವರ ಕೊನೆಯ ಗ್ರ್ಯಾಂಡ್ ಸ್ಲಾಮ್. ಇಬ್ಬರೂ ಸೋತರು. ಪ್ರಶಸ್ತಿಪ್ರದಾನದ ಹೊತ್ತಿಗೆ ಸಾನಿಯಾ, ಹದಿನಾಲ್ಕನೆಯ ವಯಸ್ಸಿನಲ್ಲಿ ತಮ್ಮ ಮೊದಲ ಮಿಶ್ರ ಡಬಲ್ಸ್ ಜೊತೆಗಾರರಾಗಿದ್ದವರೂ ರೋಹನ್ ಅವರೇ ಎಂದು ಕಣ್ಣೀರಿನ ನಡುವೆ ನೆನೆದರು. ಮಿಶ್ರ ಡಬಲ್ಸಿನಲ್ಲಿ ಗಂಡಸಿಗೊಂದು ಸೆಟ್ಟು, ಹೆಂಗಸಿಗೊಂದು ಸೆಟ್ಟು ಎಂದು ಲೆಕ್ಕವಿಲ್ಲ. ಸರ್ವಿಸಿನ ಸರದಿ ಇಬ್ಬರಿಗೂ ಬರುತ್ತದೆ; ಎದುರಾಳಿ ಗಂಡಸು ಹೊಡೆದ ಚೆಂಡನ್ನು ಹೆಂಗಸೂ ಹಿಂದಿರುಗಿಸಬೇಕು. ಬಹುಮಾನದ ಹಣ ಜೋಡಿಗೆ ಬರುತ್ತದೆ, ಅರ್ಧ ಅರ್ಧ. ಅಲ್ಲಿ ಯಾರೂ ನಿಮಿಷಗಳನ್ನು ಎಣಿಸಿದ್ದನ್ನು ನಾನು ಕೇಳಿಲ್ಲ.

ನನ್ನ ವಿದ್ಯಾರ್ಥಿಗಳಿಗೆ, ಹುಡುಗರಿಗೂ ಹುಡುಗಿಯರಿಗೂ, ಹೇಳಬಯಸುವುದು ಇಷ್ಟೆ. ಇದು ಪ್ರಕೃತಿನಿಯಮ, ಹಿಂದಿನಿಂದ ಬಂದದ್ದು ಎಂದು ಯಾರಾದರೂ ಹೇಳಿದಾಗ ಎರಡು ಪ್ರಶ್ನೆ ಕೇಳಿ: ಯಾವ ಇಸವಿಯಲ್ಲಿ ಬಂತು? ಆಗ ಯಾರನ್ನು ಕೇಳಿದರು? ಪ್ರಕೃತಿ ಮಾಡಿದ ನಿಯಮಕ್ಕೆ ಇಸವಿಯಿರುವುದಿಲ್ಲ. ಮೂರು ಸೆಟ್ಟಿನ ನಿಯಮಕ್ಕೆ ಇದೆ.